ಕ್ರಿಸ್‌ಮಸ್ ರಜೆಗೆ ಬೆಂಗಳೂರು ಸುತ್ತಿಸೋ ಮಾಮನ ಲೆಕ್ಕಾಚಾರ

ಡಿಸೆಂಬರ್ ಕೊನೆ ಬಂತೆಂದರೆ ದಾವಣಗೆರೆಯಿಂದ ಅಕ್ಕನ ಮಕ್ಕಳು ಬಂದಿಳಿಯುತ್ತಾರೆ. ಅವರದು ಸಿಬಿಎಸ್‌ಇ ಶಾಲೆ, ಕ್ರಿಸ್‌ಮಸ್‌ಗೆ ರಜೆ ಉಂಟು. ನಮ್ಮ ಮನೆ ಹನುಮಂತನಗರದಲ್ಲಿ. ಊರು ಸುತ್ತಿಸುವ ಕೆಲಸ ಯಾವತ್ತೂ ನನ್ನ ಪಾಲಿಗೇ ಬೀಳೋದರಿಂದ ಒಂದು ಲೆಕ್ಕ ಕೈಗೆ ಹತ್ತಿದೆ: ಬೆಂಗಳೂರಿನ ಚಳಿಗಾಲ ಇರೋದು ಬೆಳಿಗ್ಗೆ ಹತ್ತರೊಳಗೆ, ಆಮೇಲೆ ಸಂಜೆ ಐದರ ಮೇಲೆ. ನಡುವೆ ಇರೋದು ಬರೀ ಬಿಸಿಲು, ಟ್ರಾಫಿಕ್ಕು. ಹಾಗಾಗಿ ಯಾವ ಜಾಗ ಅನ್ನೋದಕ್ಕಿಂತ ಯಾವ ಹೊತ್ತು ಅನ್ನೋದನ್ನು ಮೊದಲು ನೋಡುತ್ತೇನೆ. ದಿನಕ್ಕೆ ಒಂದೇ ದಿಕ್ಕು. ಮಾಲ್‌ಗಳು ನನ್ನ ಪಟ್ಟಿಯಲ್ಲಿಲ್ಲ, ಅವು ದಾವಣಗೆರೆಯಲ್ಲೂ ಇವೆ.

ಮೊದಲ ಬೆಳಿಗ್ಗೆ ಯಾವಾಗಲೂ ಲಾಲ್‌ಬಾಗ್. ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಅದು. ಏಳು ಗಂಟೆಯೊಳಗೆ ಒಳಗಿದ್ದರೆ ಕೆರೆಯ ಮೇಲೆ ಇನ್ನೂ ಮಂಜಿರುತ್ತದೆ, ಸ್ವೆಟರ್ ಹಾಕಿದ್ದಕ್ಕೂ ಸಾರ್ಥಕ. 1889ರ ಗಾಜಿನ ಮನೆ ನೋಡಿ ಮಕ್ಕಳು ‘ಹೂವೆಲ್ಲಿ?’ ಅನ್ನುತ್ತಾರೆ. ಫಲಪುಷ್ಪ ಪ್ರದರ್ಶನ ಜನವರಿಯಲ್ಲಿ, ಗಣರಾಜ್ಯೋತ್ಸವದ ಹೊತ್ತಿಗೆ. ಅದಿಲ್ಲದ ಡಿಸೆಂಬರ್ ಲಾಲ್‌ಬಾಗೇ ನನಗೆ ಹೆಚ್ಚು ಇಷ್ಟ, ನೂಕುನುಗ್ಗಲಿಲ್ಲ. ಅವರಿಗೆ ಇಷ್ಟವಾಗೋದು ಕೆಂಪೇಗೌಡರ ಗೋಪುರ ಇರುವ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಅಂದಾಗ ಚಿಕ್ಕವನು ಕೇಳಿದ, ‘ಡೈನೋಸಾರ್‌ಗಿಂತ ಹಳೇದಾ ಮಾಮ?’ ಡೈನೋಸಾರ್ ನಿನ್ನೆ ಮೊನ್ನೆ ಬಂದಿದ್ದು ಕಣೋ ಅಂದೆ. ಅವನು ಬಗ್ಗಿ ಬಂಡೆ ಮುಟ್ಟಿ ನೋಡಿದ. ‘ತಣ್ಣಗಿದೆ’ ಅಷ್ಟೇ ಅವನ ತೀರ್ಮಾನ.

ಅಲ್ಲಿಂದ ಇಳಿದರೆ ಹಸಿವು. ಎಂಟಿಆರ್ ನಡೆದು ಹೋಗುವಷ್ಟು ಹತ್ತಿರ, ಆದರೆ ಸೋಮವಾರ ಬಾಗಿಲು ತೆರೆಯೋದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಈ ಎರಡು ರಜಾ ದಿನ ನೆನಪಿಟ್ಟುಕೊಂಡೇ ನಾನು ದಿನ ಗೊತ್ತು ಮಾಡೋದು. ಬೆಳಿಗ್ಗೆ ಬೆಳಿಗ್ಗೆ ದೋಸೆ ತಪ್ಪಿದ ಮಕ್ಕಳನ್ನು ಸಂಭಾಳಿಸೋದು ಸುಲಭವಲ್ಲ.

ಗಾಂಧಿ ಬಜಾರಿಗೆ ಹೋದಮೇಲೆ ಬರಿಗೈಲಿ ಬರೋ ಮಾತಿಲ್ಲ, ಅದು ಅವರೆಕಾಯಿ ಕಾಲ. ಕಡಲೆಕಾಯಿ ಪರಿಷೆ ಕಾರ್ತಿಕದ ಕಡೇ ಸೋಮವಾರಕ್ಕೇ ಮುಗಿದಿರುತ್ತದೆ, ಅದು ಈ ಮಕ್ಕಳಿಗೆ ಸಿಗೋದಿಲ್ಲ. ಅವರೆ ಸಿಗುತ್ತದೆ. ರಾಶಿಯಿಂದ ಒಂದು ಕಾಯಿ ತೆಗೆದು ಉಜ್ಜಿ, ಬೆರಳು ಮೂಸಿ ನೋಡುತ್ತೇನೆ. ಎಣ್ಣೆ ಸವರಿದ ಹಾಗೆ ಅಂಟಂಟಾಗಿ ಘಮ್ಮೆಂದರೆ ಸೊಗಡಿದೆ ಅಂತ, ಕೊಳ್ಳಬಹುದು. ಇಬ್ಬನಿ ಚೆನ್ನಾಗಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತಾರೆ ಮಾರುವವರು. ಹಿತಕಿದ ಬೇಳೆ ಅಂಗಡಿಯಲ್ಲೇ ಅಳೆದು ಕೊಡುತ್ತಾರೆ, ಆದರೆ ನಾನು ಬೇಕಂತಲೇ ಇಡೀ ಕಾಯಿ ತರೋದು. ಮಧ್ಯಾಹ್ನದ ಬಿಸಿಲಲ್ಲಿ ಮಕ್ಕಳನ್ನು ಮನೇಲಿ ಕೂರಿಸೋಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ. ಸುಲಿದ ಕಾಳನ್ನು ರಾತ್ರಿ ನೆನೆಹಾಕಿದರೆ ಮಾರನೇ ದಿನ ಸಿಪ್ಪೆ ಸಡಿಲವಾಗಿರುತ್ತದೆ. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕಂತ ಚಿಮ್ಮುತ್ತದೆ. ಬೋಗುಣಿಗೆ ಬಿದ್ದಷ್ಟೇ ಗೋಡೆಗೂ ಹೋಗುತ್ತದೆ, ಒಂದು ಸಲ ಅಮ್ಮನ ಕನ್ನಡಕಕ್ಕೇ ಬಂದು ಬಡಿಯಿತು. ‘ಇದು ಆಟದ ಸಾಮಾನಲ್ಲ ಕಣ್ರೋ’ ಅಂತ ಅವರು ಗದರಿದ್ದಕ್ಕೆ ಯಾರೂ ಕಿವಿಗೊಡಲಿಲ್ಲ. ಸಂಜೆ ಸಾರು, ರಾಗಿ ಮುದ್ದೆ. ಮುದ್ದೆ ಮುಟ್ಟದ ದೊಡ್ಡವಳೂ ತಾನು ಹಿತಕಿದ ಬೇಳೆ ಅಂತ ಎರಡು ಸಲ ಸಾರು ಹಾಕಿಸಿಕೊಂಡಳು. ಅವರೆಬೇಳೆ ಮೇಳದ ದಿನಗಳು ರಜೆಗೆ ಕೂಡಿಬಂದರೆ ಅಲ್ಲಿಗೂ ಒಂದು ಸುತ್ತು. ಅವರೆ ದೋಸೆಗೆ ಸಾಲಲ್ಲಿ ನಿಲ್ಲಬಹುದು. ಅವರೆ ಜಿಲೇಬಿ ಕುತೂಹಲಕ್ಕೆ ಒಂದು ತಿಂದರೆ ಸಾಕು.

ಕಬ್ಬನ್ ಪಾರ್ಕಿಗೆ ಭಾನುವಾರವೇ ಹೋಗಬೇಕು, ಅಂದು ಒಳಗಿನ ರಸ್ತೆಗಳಲ್ಲಿ ವಾಹನ ಬಿಡೋದಿಲ್ಲ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಪಾರ್ಕಿನ ಹೆಸರಿನದೇ ನಿಲ್ದಾಣ. ಅದೃಷ್ಟವಿದ್ದರೆ ಗುಲಾಬಿ ಟಬೂಬಿಯಾ ಹೂ ಬಿಟ್ಟಿರುತ್ತದೆ. ಬಿದಿರು ಮೆಳೆ, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯ ಇವೆಲ್ಲ ನೋಡಿ ಬಿಸಿಲೇರುವ ಹೊತ್ತಿಗೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಒಳಗೆ ಸೇರಿಕೊಳ್ಳುತ್ತೇವೆ. ರೈಟ್ ಸಹೋದರರ ವಿಮಾನದ ನಿಜ ಗಾತ್ರದ ಪ್ರತಿಕೃತಿ ಅಲ್ಲಿದೆ. ಒತ್ತಿದರೆ, ತಿರುಗಿಸಿದರೆ ಏನಾದರೂ ನಡೆಯುವ ಯಂತ್ರಗಳೂ ಸಾಕಷ್ಟಿವೆ, ಮಕ್ಕಳನ್ನು ಹೊರಗೆ ತರೋದೇ ಕಷ್ಟ.

ಕ್ರಿಸ್‌ಮಸ್‌ಗೆ ಎಲ್ಲರೂ ಬ್ರಿಗೇಡ್ ರಸ್ತೆ ಅನ್ನುತ್ತಾರೆ. ನಾನು ಕರೆದುಕೊಂಡು ಹೋಗೋದು ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾಕ್ಕೆ, ಹಬ್ಬಕ್ಕೆ ಒಂದೆರಡು ದಿನ ಮುಂಚಿನ ಸಂಜೆ. ಬಿಎಂಟಿಸಿ ಬಸ್ ಇಳಿದರೆ ಎದುರಿಗೇ ಚೂಪು ಗೋಪುರ. ಅಲ್ಲಿ ಮಾತೆ ಮರಿಯಮ್ಮನಿಗೆ ಸೀರೆ ಉಡಿಸಿರುತ್ತಾರೆ, ಎಲ್ಲ ಧರ್ಮದವರೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ಗೋದಲಿಯಲ್ಲಿ ಕುರಿ ಎಷ್ಟಿವೆ ಅಂತ ಎಣಿಸೋದು ಮಕ್ಕಳ ಕೆಲಸ. ಕೇಕು ಮಾತ್ರ ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಯದು: ಡಿಸೆಂಬರಿನಲ್ಲಿ ಅವರೂ ಮೊಟ್ಟೆಯಿಲ್ಲದ ಪ್ಲಮ್ ಕೇಕ್ ಮಾಡುತ್ತಾರೆ, ಅಮ್ಮನೂ ತಿನ್ನುತ್ತಾರೆ.

31ರ ರಾತ್ರಿ ಎಂ.ಜಿ. ರಸ್ತೆ ಕಡೆ ತಲೆ ಹಾಕೋದಿಲ್ಲ. ಬೇಗ ಮಲಗಿಸಿ, ಒಂದನೇ ತಾರೀಕು ನಸುಕಿಗೇ ಎಬ್ಬಿಸಿ ದೇವಸ್ಥಾನಕ್ಕೆ ಕರೆದೊಯ್ಯುತ್ತೇನೆ. ಧನುರ್ಮಾಸವಲ್ಲವೇ, ಪೂಜೆ ಮುಗಿದ ಕೂಡಲೇ ದೊನ್ನೆಯಲ್ಲಿ ಮೆಣಸು ಹಾಕಿದ ಬಿಸಿ ಹುಗ್ಗಿ ಸಿಗುತ್ತದೆ. ಗೊಣಗಿಕೊಂಡು ಎದ್ದವರೂ ಆ ಚಳಿಯಲ್ಲಿ ಇನ್ನೊಂದು ದೊನ್ನೆಗೆ ಕೈಚಾಚುತ್ತಾರೆ.

ಜನವರಿಯ ಮೊದಲ ಭಾನುವಾರ ರಜೆಯೊಳಗೆ ಬಂದರೆ ಬೋನಸ್ಸು: ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ವರ್ಷಗಳಿಂದ ನಡೆಯುತ್ತಿದೆ, ಬೇರೆ ರಾಜ್ಯಗಳಿಂದಲೂ ಕಲಾವಿದರು ಬಂದು ರಸ್ತೆಯುದ್ದಕ್ಕೂ ಚಿತ್ರ ಹರಡುತ್ತಾರೆ. ಒಂಬತ್ತಕ್ಕೇ ಹೋಗಬೇಕು, ಹನ್ನೊಂದರ ಮೇಲೆ ಕಾಲಿಡಲು ಜಾಗವಿರೋದಿಲ್ಲ. ಬೆಳಿಗ್ಗೆಯಾದರೆ ಕಲಾವಿದರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಮಕ್ಕಳ ಕೈಗೆ ಒಂದಿಷ್ಟು ದುಡ್ಡು ಕೊಟ್ಟು, ನಿಮಗೆ ಇಷ್ಟವಾದದ್ದನ್ನು ನೀವೇ ಆರಿಸಿ ಅಂದುಬಿಡುತ್ತೇನೆ. ದೊಡ್ಡವಳು ಫುಟ್‌ಪಾತಿನಲ್ಲಿ ಕೂತು ತನ್ನದೇ ಮುಖ ಬರೆಸಿಕೊಂಡಳು. ಚಿಕ್ಕವನು ಎಮ್ಮೆಯ ಚಿತ್ರ ಕೊಂಡ, ಯಾಕೆ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂದ. ಚಿತ್ರ ಮಡಚದೆ ದಾವಣಗೆರೆ ತಲುಪಬೇಕಲ್ಲ, ಅದಕ್ಕೆ ಈಗ ಹೊರಡುವಾಗಲೇ ಒಂದು ರಟ್ಟಿನ ಕೊಳವೆ ಬ್ಯಾಗಿಗೆ ಹಾಕಿಕೊಳ್ಳುತ್ತೇನೆ.