ಹಳೇ ಪಾಪ್‌ಅಪ್ ಕ್ಯಾಂಪರ್: ಮೊದಲು ನೀರು, ಆಮೇಲೆ ಪರದೆ

ಪಿಕಪ್ ಟ್ರಕ್ಕಿನ ಹಿಂದೆ ಕೂರಿಸುವ ಪುಟ್ಟ ಮನೆ. ಚಾವಣಿ ಮೇಲೆತ್ತಿದರೆ ಒಳಗೆ ನೆಟ್ಟಗೆ ನಿಲ್ಲಬಹುದು, ಇಳಿಸಿದರೆ ಹೈವೇಯಲ್ಲಿ ಗಾಳಿಯ ಕಾಟ ಕಮ್ಮಿ. ಇದೇ ಪಾಪ್‌ಅಪ್ ಟ್ರಕ್ ಕ್ಯಾಂಪರ್. ಸಿಯಾಟಲ್ ಸುತ್ತಮುತ್ತ ಹಳೆಯವು ಆಗಾಗ ಮಾರಾಟಕ್ಕೆ ಬರುತ್ತವೆ. ನಾನು ಕೊಂಡದ್ದು ತೊಂಬತ್ತರ ದಶಕದ್ದು. ಮನೆಯವಳು ಒಳಗೆ ಇಣುಕಿ, "ಮೊದಲು ಆ ಪರದೆ ಕಿತ್ತು ಬಿಸಾಕ್ರೀ" ಅಂದಳು. ಅವಳ ಮಾತು ನ್ಯಾಯವೇ, ಪರದೆ ಹಾಗಿತ್ತು. ಆದರೆ ಈ ಊರಿನ ಮಳೆಯಲ್ಲಿ ಹಳೇ ಕ್ಯಾಂಪರ್ ಅಂದರೆ ಮೊದಲ ಕೆಲಸ ನೀರು ನಿಲ್ಲಿಸುವುದು. ಚೆಂದದ ಮಾತು ಆಮೇಲೆ.

ಕೊಳ್ಳುವಾಗಲೇ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಕೇಳಿ ಇಸಕೊಂಡೆ. ವಾಷಿಂಗ್ಟನ್ ರಾಜ್ಯದಲ್ಲಿ ಕ್ಯಾಂಪರ್‌ಗೂ ಅದು ಬೇಕು. ಇನ್ನೊಂದು ಲೆಕ್ಕ ತೂಕದ್ದು. ಟ್ರಕ್ಕಿನ ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಒಂದು ಸ್ಟಿಕರ್ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದು ಅಂತ. ನನ್ನದರಲ್ಲಿ 1,720 ಪೌಂಡ್. ಕ್ಯಾಂಪರ್ ಖಾಲಿ ಇದ್ದಾಗ 1,050. ನಾವಿಬ್ಬರು 310. ಇಪ್ಪತ್ತು ಗ್ಯಾಲನ್ ನೀರು ಸುಮಾರು 167. ತುಂಬಿದ ಪ್ರೊಪೇನ್ ಗ್ಯಾಸ್ ಸಿಲಿಂಡರ್ 37. ಉಳಿದದ್ದು 156. ಅಷ್ಟರಲ್ಲೇ ಬ್ಯಾಟರಿ, ಹಾಸಿಗೆ, ಪಾತ್ರೆ, ಅಕ್ಕಿ ಎಲ್ಲ ಹಿಡಿಯಬೇಕು. ಒಳಗೆ ಮರದ ಕ್ಯಾಬಿನೆಟ್, ಟೈಲ್ಸ್ ಅಂತೆಲ್ಲ ಮಾಡಿ ಫೋಟೋ ಹಾಕುವವರನ್ನು ಕಂಡರೆ ನನಗೆ ಅವರ ಟ್ರಕ್ಕಿನ ಸ್ಪ್ರಿಂಗ್ ಮೇಲೆ ಕನಿಕರ ಬರುತ್ತದೆ.

ನೀರು ಎಲ್ಲಿಂದ ಬರುತ್ತದೆ ಅಂತ ಹುಡುಕುವುದೇ ದೊಡ್ಡ ಕೆಲಸ. ಒದ್ದೆ ಕಂಡ ಜಾಗ ಬೇರೆ, ನೀರು ನುಗ್ಗುವ ಜಾಗ ಬೇರೆ. ಎರಡು ಮುಳ್ಳು ಚುಚ್ಚಿ ತೇವ ಅಳೆಯುವ ಮೀಟರ್ ತಂದೆ, ಬೆಲೆ ಜಾಸ್ತಿ ಇಲ್ಲ. ಮರದಲ್ಲಿ ತೇವ ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಯುವಿಕೆ ಹಬ್ಬುವುದಿಲ್ಲ. ನನ್ನ ಮುಂದಿನ ಎಡ ಮೂಲೆ ಅದಕ್ಕಿಂತ ಎಷ್ಟೋ ಮೇಲಿತ್ತು. ಅಲ್ಲಿ ಹೊರಗಡೆ, ಕ್ಯಾಂಪರನ್ನು ಟ್ರಕ್ಕಿನಿಂದ ಎತ್ತಿ ನಿಲ್ಲಿಸುವ ಜ್ಯಾಕ್ ಹಿಡಿಯುವ ಕಬ್ಬಿಣದ ಬ್ರಾಕೆಟ್ ಇದೆ. ಅದರ ಸ್ಕ್ರೂಗೆ ಸ್ಕ್ರೂಡ್ರೈವರ್ ಬೇಕಾಗಲೇ ಇಲ್ಲ, ಬೆರಳಲ್ಲಿ ತಿರುಗಿಸಿದರೆ ಬಂತು. ಒಳಗಿನ ಪ್ಲೈವುಡ್ ತೆಗೆದು ನೋಡಿದರೆ ಮೂಲೆಯ ಕಂಬ ಚಹಾದಲ್ಲಿ ಅದ್ದಿದ ರಸ್ಕ್ ಥರ ಉದುರುತ್ತಿತ್ತು. ಇಡೀ ಕ್ಯಾಂಪರಿನ ಭಾರ ಜ್ಯಾಕ್ ಮೇಲೆ ನಿಂತಾಗ ಹೊರುವುದು ಇದೇ ಕಂಬ. ಹಾಗಾಗಿ ಜ್ಯಾಕ್ ನಂಬದೆ, ಕೆಳಗೆ ದಪ್ಪ ತೊಲೆ ಕೊಟ್ಟು ನಿಲ್ಲಿಸಿಕೊಂಡೇ ಕೆಲಸ ಶುರು ಮಾಡಿದೆ.

ಕೊಳೆತದ್ದನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿದೆ, ಆಚೆ ಇನ್ನೂ ಒಂದಷ್ಟು ಇಂಚು ಜಾಸ್ತಿಯೇ. ಪಕ್ಕಕ್ಕೆ ಹೊಸ ತುಂಡು ಜೋಡಿಸಿ, ಅಂಟು ಹಾಕಿ, ಸ್ಕ್ರೂ ಬಿಗಿದೆ. ಮೆತ್ತಗಾದ ಮರವನ್ನು ಗಟ್ಟಿ ಮಾಡುವ ದ್ರಾವಣ ಸಿಗುತ್ತದೆ, ಸ್ವಲ್ಪ ಮೆತ್ತಗಾದ ಕಡೆ ಅದು ಸರಿ. ಭಾರ ಹೊರುವ ಕಡೆ ಬೇಡ.

ಇಷ್ಟಕ್ಕೆಲ್ಲ ಕಾರಣ ಸಂದಿ ಮುಚ್ಚಲು ಬಳಿಯುವ ಸಿಲಿಕೋನ್. ಹಿಂದಿನವರು ಯಾರೋ ಸೋರಿದಾಗಲೆಲ್ಲ ಮೇಲಿಂದ ಮೇಲೆ ಬಳಿದಿದ್ದರು. ಹಳೇ ಸಿಲಿಕೋನ್ ಮೇಲೆ ಹೊಸದು ಏನೂ ಹಿಡಿಯುವುದಿಲ್ಲ, ಸಿಲಿಕೋನ್ ಕೂಡ. ಪ್ಲಾಸ್ಟಿಕ್ ಚೂರಿಯಿಂದ ಕೆರೆದು, ಆಲ್ಕೋಹಾಲ್‌ನಲ್ಲಿ ಒರೆಸಿ, ಮತ್ತೆ ಕೆರೆದು ಕೈ ಸೋತು ಹೋಯಿತು. ಅಂಚುಗಳಿಗೆ, ಕಿಟಕಿ ಚೌಕಟ್ಟಿಗೆ ನಾನು ಹಾಕಿದ್ದು ಬ್ಯೂಟೈಲ್ ಟೇಪ್. ಬೂದು ಬಣ್ಣದ, ಯಾವತ್ತೂ ಪೂರ್ತಿ ಒಣಗದ ಅಂಟು. ಅದಕ್ಕೆ ಅವಸರ ಆಗದು. ಸ್ಕ್ರೂ ಬಿಗಿದಾಗ ಅಂಚಿನಿಂದ ಸ್ವಲ್ಪ ಹೊರಗೆ ಉಬ್ಬಿ ಬರಬೇಕು. ಮಾರನೇ ದಿನ ನೋಡಿದರೆ ಅಂಟು ಇನ್ನಷ್ಟು ಹರಡಿ ಸ್ಕ್ರೂ ಸಡಿಲಾಗಿರುತ್ತದೆ, ಮತ್ತೆ ಬಿಗಿಯಬೇಕು. ಉಬ್ಬಿದ್ದನ್ನು ಆಮೇಲೆ ಸವರಿ ತೆಗೆಯಬೇಕು. ಬಿಸಿಲಿದ್ದ ದಿನ ಬೇಗ ಕೂರುತ್ತದೆ. ನಮ್ಮೂರ ಚಳಿಯಲ್ಲಿ ಹೇರ್ ಡ್ರೈಯರ್ ಹಿಡಿದುಕೊಂಡು ಕೂತಿದ್ದೆ. ಚಾವಣಿಯ ಫ್ಯಾನ್ ಸುತ್ತ ಮಾತ್ರ ತಾನೇ ಸಮನಾಗಿ ಹರಡುವ ಸೀಲಂಟ್.

ಪರೀಕ್ಷೆಗೆ ತೋಟದ ಪೈಪು ಸಾಕು. ಕೆಳಗಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ ಹೋಗಬೇಕು. ಮೇಲಿಂದ ಸುರಿದರೆ ಯಾವ ಸಂದಿ ಸೋರಿತು ಅಂತ ಹೇಗೆ ಗೊತ್ತಾಗಬೇಕು? ಒಬ್ಬರು ಹೊರಗೆ ಪೈಪು, ಒಬ್ಬರು ಒಳಗೆ ಟಾರ್ಚು.

ಮೇಲೇಳುವ ಬಟ್ಟೆಯ ಗೋಡೆ ಮಡಿಕೆಗಳಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ನಾನು ಹೊಲಿಯಲಿಲ್ಲ. ಇಲ್ಲಿ ಸಮುದ್ರ ಹತ್ತಿರ, ದೋಣಿಗಳಿಗೆ ಹೊದಿಕೆ ಹೊಲಿಯುವ ಅಂಗಡಿಗಳಿವೆ. ಹಳೇ ಬಟ್ಟೆಯನ್ನೇ ಅಳತೆಗೆ ಕೊಟ್ಟೆ. ದುಡ್ಡು ಹೆಚ್ಚು ಹೋಗಿದ್ದು ಇಲ್ಲೇ, ಕೊಟ್ಟಿದ್ದಕ್ಕೆ ಬೇಸರ ಇಲ್ಲ.

ಹಳೇ ಫ್ರಿಜ್ಜೂ ಗ್ಯಾಸಿನಲ್ಲೇ ಓಡುತ್ತಿತ್ತು, ಆದರೆ ಅದು ಸಮತಟ್ಟಾಗಿ ನಿಂತರೆ ಮಾತ್ರ ಸರಿಯಾಗಿ ತಣ್ಣಗಾಗುವ ಜಾತಿ. ತೆಗೆಸಿ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಇಟ್ಟೆ. ಅದರ ಗ್ಯಾಸ್ ಕೊಳವೆ ಮುಚ್ಚುವುದು, ಒತ್ತಡದ ಪರೀಕ್ಷೆ ಎರಡನ್ನೂ ಲೈಸೆನ್ಸ್ ಇದ್ದವರ ಕೈಲೇ ಮಾಡಿಸಿದೆ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಸೇರುತ್ತದೆ. ಅದಕ್ಕೇ ಅದರ ಅಲಾರಂ ನೆಲದ ಹತ್ತಿರ ಇರಬೇಕು. ಹಳೆಯದು ಅವಧಿ ಮುಗಿದಿತ್ತು, ಹೊಸದು ಹಾಕಿದೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಅಲಾರಂ ಬೇರೆಯದೇ. ಬ್ಯಾಟರಿ 100 ಆಂಪ್-ಅವರ್ ಲಿಥಿಯಂ, ಹಳೇ ಸೀಸದ ಬ್ಯಾಟರಿಯ ಅರ್ಧಕ್ಕಿಂತ ಕಮ್ಮಿ ತೂಕ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಸೋಲಾರ್ ಫಲಕ ಒಂದೇ ಸಾಕು ಅಂದುಕೊಂಡೆ, ಯಾಕೆಂದರೆ ಚಾವಣಿಗೆ ಹಾಕಿದ್ದನ್ನೆಲ್ಲ ದಿನಾ ಎತ್ತಬೇಕಾದ ಭುಜ ನನ್ನದೇ.

ಹೊರಗಿನ ನೀರು ನಿಂತ ಮೇಲೆ ಒಳಗಿನದ್ದು ಕಾಣಿಸಿಕೊಂಡಿತು. ಒಂದು ಕೇಜಿ ಪ್ರೊಪೇನ್ ಉರಿದರೆ ಒಂದೂವರೆ ಕೇಜಿಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಅದರ ಮೇಲೆ ನಮ್ಮ ಅನ್ನದ ಕುಕ್ಕರ್ ಬೇರೆ. ಬೆಳಿಗ್ಗೆ ಹೊತ್ತಿಗೆ ಹಾಸಿಗೆ ಕೆಳಗೆಲ್ಲ ಒದ್ದೆ. ಈಗ ಒಲೆ ಹಚ್ಚಿದರೆ ಚಾವಣಿ ಫ್ಯಾನ್ ಓಡುತ್ತಿರುತ್ತದೆ, ಎದುರಿನ ಕಿಟಕಿ ಬೆರಳಷ್ಟು ತೆರೆದಿರುತ್ತದೆ. ಹಾಸಿಗೆ ಕೆಳಗೆ ಗಾಳಿ ಆಡುವಂಥ ಜಾಲರಿ ಹಾಸಿದ್ದೇನೆ. ಕುಕ್ಕರ್ ಆದಷ್ಟೂ ಹೊರಗಿನ ಮೇಜಿನ ಮೇಲೆ, ಸಣ್ಣ ಒಲೆಯಲ್ಲಿ.