ಇಂಡಕ್ಷನ್ ಒಲೆಗೆ ಆರರ ವೈರು: ನನ್ನ ಅನುಭವ

ಮೈಸೂರಿನ ನಮ್ಮ ಮನೆಗೆ ನಾಲ್ಕು ಉರಿಗಳ, 7.2 ಕಿಲೋವಾಟ್‌ನ ಇಂಡಕ್ಷನ್ ಒಲೆ ಬಂದ ದಿನ, ಅದನ್ನು ಕೂರಿಸಲು ಬಂದಿದ್ದ ಹುಡುಗ ಹಳೆಯ 16 ಆಂಪಿಯರ್ ಪಾಯಿಂಟಿಗೇ ಜೋಡಿಸಿದ. ನಾಲ್ಕೂ ಉರಿಗಳನ್ನು ಪೂರ್ತಿ ಏರಿಸಿದ ಒಂದೆರಡು ನಿಮಿಷಕ್ಕೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು) ಬಿತ್ತು. "ಸಾರ್, ಈ ಹದಿನಾರು ತೆಗ್ದು ಮೂವತ್ತೆರಡು ಹಾಕ್ಬಿಡಿ, ಆಮೇಲೆ ಬೀಳೋದೇ ಇಲ್ಲ" ಎಂದ. ಅವನ ಮಾತು ನಿಜವೇ. ಎಂಸಿಬಿ ಬೀಳುತ್ತಿರಲಿಲ್ಲ, ಅದರ ಬದಲು ಗೋಡೆಯೊಳಗಿನ 2.5 ಚದರ ಮಿಲಿಮೀಟರಿನ ವೈರು ಬೇಯುತ್ತಿತ್ತು.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ಕೆಲಸ ಮಾಡುವವನು. ಮನೆಯಲ್ಲಿ ವೈರು ಎಳೆದದ್ದು ಪರವಾನಗಿ ಇರುವ ಗುತ್ತಿಗೆದಾರರ ಕಡೆಯವರು. ಲೆಕ್ಕ ಮಾತ್ರ ನನ್ನದು. ಎಂಸಿಬಿ ಇರುವುದು ಒಲೆಯನ್ನು ಕಾಯಲು ಅಲ್ಲ, ವೈರನ್ನು ಕಾಯಲು ಎಂಬುದನ್ನು ಹಿಡಿದುಕೊಂಡರೆ ಲೆಕ್ಕದ ಕ್ರಮ ತಾನಾಗಿ ಸಿಗುತ್ತದೆ. ಮೊದಲು ಒಲೆ ಎಳೆಯುವ ಕರೆಂಟು, ಆಮೇಲೆ ಅದನ್ನು ಹೊರಬಲ್ಲ ವೈರು, ಕೊನೆಗೆ ಇವೆರಡರ ಅಂಕಿಗಳ ನಡುವಿನ ಎಂಸಿಬಿ.

7,200 ವಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 31.3 ಆಂಪಿಯರ್ ಬರುತ್ತದೆ. ನಾಲ್ಕೂ ಉರಿ ಏಕಕಾಲಕ್ಕೆ ಪೂರ್ತಿ ಉರಿಯುವುದು ಅಪರೂಪ ಎಂಬ ಕಾರಣಕ್ಕೆ, ಮನೆಯ ಅಡುಗೆ ಒಲೆಗೆ ಮೊದಲ 10 ಆಂಪಿಯರನ್ನು ಪೂರ್ತಿಯಾಗಿಯೂ ಉಳಿದದ್ದರಲ್ಲಿ ಶೇ. 30ನ್ನು ಮಾತ್ರವೂ ಹಿಡಿಯುವ ಪದ್ಧತಿ ಬ್ರಿಟನ್ನಿನಲ್ಲಿದೆ. ಆ ಪ್ರಕಾರ ನಮಗೆ 16.4 ಆಂಪಿಯರ್ ಸಾಕು. ಆದರೆ ಗೌರಿ ಹಬ್ಬದ ಬೆಳಿಗ್ಗೆ ಒಂದರಲ್ಲಿ ಕಡುಬು, ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ಹೋಳಿಗೆಯ ಹಂಚು, ಮತ್ತೊಂದರಲ್ಲಿ ಅನ್ನ ಇರುವ ಮನೆಗೆ ಆ ರಿಯಾಯಿತಿ ಹೊಂದುವುದಿಲ್ಲವೆಂದು ನಾನು ಪೂರ್ತಿ 31.3ನ್ನೇ ಹಿಡಿದೆ.

ವೈರಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಯಾವ ವೈರು ಎಷ್ಟು ಕರೆಂಟು ಹೊರುತ್ತದೆಂದು ಹೇಳುವ ಕೋಷ್ಟಕದ ಮೊದಲ ಅಂಕಿಯನ್ನೇ ನಂಬಿಬಿಡುವುದರಿಂದ. ಗೋಡೆಯ ಪೈಪಿನೊಳಗೆ ಒಂದೇ ಸರ್ಕ್ಯೂಟಿನ ಪಿವಿಸಿ ಹೊದಿಕೆಯ ತಾಮ್ರದ ವೈರು ಇದ್ದರೆ 4 ಚದರ ಮಿಲಿಮೀಟರಿನದು 32 ಆಂಪಿಯರ್, 6ರದು 41 ಆಂಪಿಯರ್ ಹೊರುತ್ತದೆ. ಈ ಅಂಕಿಗಳು ಸುತ್ತಲಿನ ಉಷ್ಣತೆ 30 ಡಿಗ್ರಿ ಇದ್ದಾಗಿನವು. ನಮ್ಮ ಮನೆಗಳಲ್ಲಿ ಪೈಪು ಹಾಯುವುದು ತಾರಸಿಯ ಸ್ಲ್ಯಾಬಿನೊಳಗೆ. ಏಪ್ರಿಲ್ ಮಧ್ಯಾಹ್ನ ಆ ಸ್ಲ್ಯಾಬಿನ ಕೆಳಗೆ ಕೈ ಇಟ್ಟು ನೋಡಿದವರಿಗೆ 30 ಡಿಗ್ರಿಯ ಲೆಕ್ಕ ಎಷ್ಟು ನಿಜವೆಂದು ತಿಳಿದಿರುತ್ತದೆ. 40 ಡಿಗ್ರಿಗೆ 0.87ರಿಂದ ಗುಣಿಸಬೇಕು. ಆಗ 4ರ ವೈರು 27.8 ಆಂಪಿಯರಿಗೆ ಇಳಿದು ಲೆಕ್ಕದಿಂದ ಹೊರಬಿತ್ತು, 6ರದು 35.7ಕ್ಕೆ ನಿಂತಿತು. ಹಳೆಯ 2.5ರದು 20.9 ಆಂಪಿಯರಿನದು. ಶಾಖವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದರಲ್ಲಿ 31.3 ಹರಿಸಿದ್ದರೆ ಅದು ತಾಳಬಲ್ಲ ಶಾಖದ ಎರಡು ಪಟ್ಟಿಗೂ ಹೆಚ್ಚು ಹುಟ್ಟುತ್ತಿತ್ತು.

ಹಳೆಯ ಮುಕ್ಕಾಲು ಇಂಚಿನ ಪೈಪಿನಲ್ಲೇ 6ರ ವೈರನ್ನು ತೂರಿಸಿಬಿಡೋಣ ಎಂದು ಕೆಲಸದವರು ಹೇಳಿದರು. ಅದರೊಳಗೆ ಫ್ರಿಜ್ಜು, ಮಿಕ್ಸಿಗಳ ಸರ್ಕ್ಯೂಟಿನ ವೈರುಗಳು ಇದ್ದವು. ಎರಡು ಸರ್ಕ್ಯೂಟುಗಳು ಒಂದೇ ಪೈಪಿನಲ್ಲಿದ್ದರೆ ಮತ್ತೆ 0.8ರಿಂದ ಗುಣಿಸಬೇಕಾಗುತ್ತದೆ, 35.7 ಹೋಗಿ 28.6 ಆಗುತ್ತದೆ, ಅಂದರೆ 6ರ ವೈರಿನ ದುಡ್ಡು ಕೊಟ್ಟು 4ರ ವೈರಿನ ಕೆಲಸ ಪಡೆದಂತೆ. ಆದ್ದರಿಂದ ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆಯಿಂದ) ಅಡುಗೆಮನೆಯವರೆಗೆ 14 ಮೀಟರ್ ಉದ್ದಕ್ಕೆ 25 ಮಿಲಿಮೀಟರಿನ ಬೇರೆಯೇ ಪೈಪು ಹಾಕಿಸಿ, ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ 6ರಲ್ಲೇ ಎಳೆಸಿದೆ. ಈ ದೂರಕ್ಕೆ ವೋಲ್ಟೇಜ್ ಇಳಿತ ಸುಮಾರು 3.2 ವೋಲ್ಟ್, ಚಿಂತೆಯ ಮಾತಲ್ಲ.

ಇನ್ನು ಎಂಸಿಬಿ. 31.3ಕ್ಕಿಂತ ಕಡಿಮೆಯಾಗದೆ, 35.7ನ್ನು ಮೀರದೆ ಇರುವುದು 32 ಒಂದೇ. ಮೇಲೆ 32 ಎಂದು ಬರೆದಿದ್ದರೂ ಅದು 33ಕ್ಕೆ ಬೀಳುವುದಿಲ್ಲ. 36 ಆಂಪಿಯರನ್ನು ಒಂದು ಗಂಟೆಯವರೆಗೆ ಸುಮ್ಮನೆ ಬಿಡಬಹುದು, 46ಕ್ಕೆ ಮಾತ್ರ ಒಂದು ಗಂಟೆಯೊಳಗೆ ಬೀಳಲೇಬೇಕು. ವೈರಿನಲ್ಲಿ ಕಂಜೂಸು ಮಾಡಬಾರದೆನ್ನುವುದು ಇದಕ್ಕೇ. ಒಲೆಗೆ ಮೋಟಾರಿನಂತೆ ಆರಂಭದ ಎಳೆತವಿಲ್ಲವಾದ್ದರಿಂದ ದಿಢೀರ್ ಎಳೆತಕ್ಕೆ ಬೇಗ ಬೀಳುವ ಬಿ ಮಾದರಿ ಸಾಕಿತ್ತು. ಅಂಗಡಿಯಲ್ಲಿದ್ದದ್ದು ಅಂಥ ಎಳೆತವನ್ನು ಇನ್ನಷ್ಟು ತಾಳುವ ಸಿ, ಅದನ್ನೇ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲಿನಲ್ಲಿ ತಂದೆ. ಅದರ ಹಿಂದೆ 40 ಆಂಪಿಯರಿನ, 30 ಮಿಲಿಆಂಪಿಯರ್ ಕರೆಂಟು ನೆಲಕ್ಕೆ ಸೋರಿದರೆ ಬೀಳುವ ಆರ್‌ಸಿಸಿಬಿ ಇದೆ.

ನಮ್ಮದು ಮೂರು ಫೇಸ್ ಸಂಪರ್ಕ. ಒಲೆಯ ಕೈಪಿಡಿಯಲ್ಲಿ ಅದನ್ನು ಎರಡು ಫೇಸುಗಳಿಗೆ ಹಂಚುವ ನಕ್ಷೆಯೂ ಇತ್ತು. ಹಾಗೆ ಮಾಡಿದರೆ ಒಂದೊಂದರಲ್ಲಿ 16 ಆಂಪಿಯರ್ ಆಗಿ ತೆಳು ವೈರೇ ಸಾಕು ಎಂದು ಗುತ್ತಿಗೆದಾರರು ಒತ್ತಾಯಿಸಿದರು. ಆದರೆ ನಮ್ಮ ಬೀದಿಯಲ್ಲಿ ಒಂದು ಫೇಸ್ ಹೋಗುವುದು ಮಾಮೂಲು. ಹೋದಾಗ ಫೇಸ್ ಸೆಲೆಕ್ಟರ್ ತಿರುಗಿಸಿ ಎರಡೂ ಲೈನನ್ನು ಒಂದೇ ಫೇಸಿಗೆ ತರುವುದೂ ಮಾಮೂಲು. ಬೇರೆ ಬೇರೆ ಫೇಸುಗಳಲ್ಲಿದ್ದಾಗ ಎರಡು 16ಗಳು ಸೇರಿಯೂ ನ್ಯೂಟ್ರಲ್‌ನಲ್ಲಿ ಸುಮಾರು 16 ಆಂಪಿಯರೇ ಹರಿಯುತ್ತದೆ. ಒಂದೇ ಫೇಸಿಗೆ ತಂದ ಕೂಡಲೇ ಅದೇ ತೆಳು ನ್ಯೂಟ್ರಲ್‌ನಲ್ಲಿ 32 ಹರಿಯುತ್ತದೆ, ಫೇಸಿನ ಎಂಸಿಬಿಗಳೆರಡಕ್ಕೂ ಅದರ ಸುಳಿವೇ ಇರುವುದಿಲ್ಲ. ಈ ಅಪಾಯ ಬೇಡವೆಂದು ಒಲೆಯ ಟರ್ಮಿನಲ್‌ನಲ್ಲಿ ಹಿತ್ತಾಳೆಯ ಪಟ್ಟಿಗಳನ್ನು ಸಿಂಗಲ್ ಫೇಸಿನ ಸ್ಥಾನಕ್ಕೆ ಕೂರಿಸಿ, ಒಂದು ಫೇಸನ್ನು ಒಲೆಗೇ ಬಿಟ್ಟು, ಗೀಸರ್ ಮತ್ತು ಬೋರಿನ ಸಿಂಗಲ್ ಫೇಸ್ ಮೋಟಾರನ್ನು ಉಳಿದೆರಡಕ್ಕೆ ಹಾಕಿಸಿದೆ. ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಲು ಅರ್ಜಿಯನ್ನೂ ಕೊಟ್ಟೆ. ಪ್ರತಿ ಕಿಲೋವಾಟಿಗೂ ನಿಗದಿತ ಶುಲ್ಕ ಏರಿತು, ಅದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಜೋಡಣೆ ಮುಗಿದ ಸಂಜೆ ನಾಲ್ಕು ಪಾತ್ರೆಗಳಲ್ಲಿ ನೀರಿಟ್ಟು ಒಂದು ಗಂಟೆ ಕುದಿಸಿದೆವು. ಕ್ಲ್ಯಾಂಪ್ ಮೀಟರಿನಲ್ಲಿ 30 ಆಂಪಿಯರಿನ ಆಸುಪಾಸು ತೋರಿಸುತ್ತಿತ್ತು, ಎಂಸಿಬಿಯ ಮೈ ಉಗುರುಬೆಚ್ಚಗಿತ್ತು. ಆದರೆ ಒಲೆಯ ಪಕ್ಕದ 32 ಆಂಪಿಯರ್ ಡಿಪಿ (ಡಬಲ್ ಪೋಲ್) ಸ್ವಿಚ್ಚು ಒಂದು ಬದಿಯಲ್ಲಿ ಮಾತ್ರ ಬಿಸಿಯಾಗಿತ್ತು. ಮೇನ್ ಆಫ್ ಮಾಡಿ ಬಿಚ್ಚಿದಾಗ ನ್ಯೂಟ್ರಲ್ ಸ್ಕ್ರೂವಿನ ಕೆಳಗೆ 6ರ ವೈರಿನ ಎಳೆಗಳಲ್ಲಿ ನಾಲ್ಕೈದು ಹೊರಗೇ ಉಳಿದು, ಹೊದಿಕೆಯ ತುದಿ ಕಂದುಬಣ್ಣಕ್ಕೆ ತಿರುಗಲು ಆರಂಭಿಸಿತ್ತು. ತುದಿಯನ್ನು ಕತ್ತರಿಸಿ, ಎಲ್ಲ ಎಳೆಗಳನ್ನೂ ವೈರಿನ ತುದಿಗೆ ತೊಡಿಸುವ ಲೋಹದ ಕೊಳವೆಯಾದ ಲಗ್‌ನೊಳಗೆ ಒತ್ತಿಸಿ ಮತ್ತೆ ಬಿಗಿದೆ. ಒಂದು ತಿಂಗಳ ನಂತರ ಮೇನ್ ಆಫ್ ಮಾಡಿ ಎಲ್ಲ ಸ್ಕ್ರೂಗಳನ್ನು ಇನ್ನೊಮ್ಮೆ ಪರೀಕ್ಷಿಸಿದಾಗ ಎಂಸಿಬಿಯದು ಕಾಲು ಸುತ್ತು ಒಳಗೆ ಹೋಯಿತು, ಡಿಪಿ ಸ್ವಿಚ್ಚಿನವು ಅಲುಗಲಿಲ್ಲ.