ನಂದಿಗೆ ಹಿಂಬದಿ ದಾರಿಯಿಂದ: ದ್ರಾಕ್ಷಿ ಸೀಮೆಯಲ್ಲಿ ಎರಡು ದಿನ ಸೈಕಲ್

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರು ಸೇರಿದರೆ ನಂದಿ ಬೆಟ್ಟದ ಮಾತು ಬಂದೇ ಬರುತ್ತದೆ. ಎಷ್ಟು ನಿಮಿಷದಲ್ಲಿ ಹತ್ತಿದೆ ಅನ್ನುವುದೇ ಮೊದಲ ಪ್ರಶ್ನೆ. ನಾನೂ ಮೂರು ವರ್ಷ ಹಾಗೇ ಹೋಗಿ ಬಂದೆ. ಭಾನುವಾರ ಬೆಳಗಿನ ಜಾವ ಹೆಬ್ಬಾಳದಿಂದ ಹೈವೇ ಹಿಡಿಯುವುದು, ಬೆಟ್ಟ ಹತ್ತಿ ಇಳಿಯುವುದು, ಮನೆಗೆ ಬಂದು ತಿಂಡಿ ತಿನ್ನುವುದು. ದಾರಿಯ ಎರಡೂ ಕಡೆ ದ್ರಾಕ್ಷಿ ತೋಟಗಳಿದ್ದವು. ಒಂದು ಸಲವೂ ಇಳಿದು ನೋಡಿರಲಿಲ್ಲ.

ಹೋದ ಫೆಬ್ರವರಿಯಲ್ಲಿ ಆ ತೋಟಗಳಿಗೋಸ್ಕರವೇ ಹೋದೆ. ಎರಡು ದಿನ, ಹತ್ತಿರ ಹತ್ತಿರ 160 ಕಿ.ಮೀ. ಯಲಹಂಕದಿಂದ ದೊಡ್ಡಬಳ್ಳಾಪುರ, ಘಾಟಿ ಸುಬ್ರಹ್ಮಣ್ಯ, ತೂಬಗೆರೆ, ಅಲ್ಲಿಂದ ಬೆಟ್ಟದ ಬುಡ. ರಾತ್ರಿ ಬೆಟ್ಟದ ಮೇಲೆ. ಮಾರನೇ ದಿನ ನಂದಿ ಊರು, ದೇವನಹಳ್ಳಿ, ರಘುನಾಥಪುರದ ವೈನ್ ತೋಟ, ಮನೆ. ವೈನ್ ತೋಟವನ್ನು ಕೊನೆಗೆ ಇಟ್ಟುಕೊಂಡಿದ್ದಕ್ಕೆ ಕಾರಣ ಇದೆ. 750 ಮಿ.ಲೀ. ವೈನ್ ಬಾಟಲಿ ಗಾಜಿನ ಸಮೇತ ಒಂದೂಕಾಲು ಕೆ.ಜಿ. ತೂಗುತ್ತದೆ. ಎರಡು ಬಾಟಲಿ ಕೊಂಡು ಬೆಟ್ಟ ಹತ್ತೋದು ಯಾರಿಗೂ ಬೇಡ.

ಮೊದಲು ಗೇರ್ ವಿಷಯ ಹೇಳಿಬಿಡುತ್ತೇನೆ, ಯಾಕಂದರೆ ನಾನು ಪಾಠ ಕಲಿತದ್ದೇ ಅಲ್ಲಿ. ಹಿಂದಿನ ವರ್ಷ ಒಂಬತ್ತು ಕೆ.ಜಿ. ಲಗೇಜು ಕಟ್ಟಿಕೊಂಡು ಇದೇ ಬೆಟ್ಟಕ್ಕೆ ಹೋಗಿದ್ದೆ. ಆಗ ನನ್ನ ಸೈಕಲ್ಲಿನ ಅತಿ ಹಗುರ ಗೇರ್ ಅಂದರೆ ಮುಂದೆ ಪೆಡಲ್ ಹತ್ತಿರದ ಹಲ್ಲುಚಕ್ರಕ್ಕೆ 36 ಹಲ್ಲು, ಹಿಂದಿನ ಗಾಲಿಯದಕ್ಕೆ 28. ಮುಂದಿನ ಹಲ್ಲು ಕಡಿಮೆ, ಹಿಂದಿನದು ಜಾಸ್ತಿ ಆದಷ್ಟೂ ತುಳಿಯುವುದು ಹಗುರ. ಗಂಟೆಗೆ ಆರು ಕಿ.ಮೀ. ವೇಗದಲ್ಲಿ ಪೆಡಲ್ ನಿಮಿಷಕ್ಕೆ 36 ಸುತ್ತು ಕೂಡ ಸರಿಯಾಗಿ ತಿರುಗುತ್ತಿರಲಿಲ್ಲ. ಪ್ರತಿ ತುಳಿತಕ್ಕೂ ಇಡೀ ಮೈಭಾರ ಮಂಡಿಯ ಮೇಲೆ. ಮಂಡಿ ನೋವು ಎರಡು ವಾರ ಬಿಡಲಿಲ್ಲ. ಈ ಸಲ ಮುಂದೆ 30, ಹಿಂದೆ 36 ಹಾಕಿಸಿದೆ. ನಿಮಿಷಕ್ಕೆ 60 ಸುತ್ತು ಆರಾಮಾಗಿ ತುಳಿದರೂ ಆರೂವರೆ ಕಿ.ಮೀ. ವೇಗ ಸಿಗುತ್ತದೆ. ಲಗೇಜು ಕಟ್ಟಿಕೊಂಡು ಗುಡ್ಡದ ಸೀಮೆಗೆ ಹೋಗುವವರು ಬೇರೆ ಯಾವುದಕ್ಕೆ ದುಡ್ಡು ಉಳಿಸಿದರೂ ಸರಿ, ಇದಕ್ಕೆ ಮಾತ್ರ ಖರ್ಚು ಮಾಡಿ.

ದೊಡ್ಡಬಳ್ಳಾಪುರದವರೆಗೆ ಸುಮ್ನೆ ತುಳಿದುಕೊಂಡು ಹೋಗಬೇಕಷ್ಟೆ, ಲಾರಿಗಳು ಜಾಸ್ತಿ. ಘಾಟಿ ಕಡೆ ತಿರುಗಿದ ಮೇಲೆ ದಾರಿ ಏರಿಳಿತಕ್ಕೆ ಶುರುವಾಗುತ್ತದೆ. ತೂಬಗೆರೆ ಹಲಸಿಗೆ ಹೆಸರಾದ ಊರು. ಫೆಬ್ರವರಿಯಲ್ಲಿ ಮರಗಳ ತುಂಬ ಎಳೆ ಕಾಯಿ ಇತ್ತು.

ಅದರಾಚೆ ಒಂದು ಕಡೆ, ತೋಟ ಕಣ್ಣಿಗೆ ಬೀಳುವ ಮೊದಲೇ ವಾಸನೆ ಬಂತು. ಬೆಂಗಳೂರು ಬ್ಲೂ ದ್ರಾಕ್ಷಿ ಹಣ್ಣಾದಾಗಿನ ವಾಸನೆ. ಚಿಕ್ಕಂದಿನಲ್ಲಿ ಕುಡಿದ ದ್ರಾಕ್ಷಿ ಜ್ಯೂಸ್ ನೆನಪಾಗುತ್ತದಲ್ವಾ, ಅದೇ. ಕಾರಿನಲ್ಲಿ ಕಿಟಕಿ ಹಾಕಿಕೊಂಡು ಹೋದವರಿಗೆ ಇದು ತಿಳಿಯುವುದೇ ಇಲ್ಲ. ರಸ್ತೆ ಪಕ್ಕ ಕಲ್ಲುಕಂಬ ನೆಟ್ಟು, ತಂತಿ ಎಳೆದು ಚಪ್ಪರ ಹಾಕಿದ್ದರು. ಒಬ್ಬರು ಅಜ್ಜಿ ನೆರಳಲ್ಲಿ ಕೂತು ಗೊಂಚಲುಗಳಿಂದ ಒಡೆದ ಹಣ್ಣು ಕಿತ್ತು, ಒಳ್ಳೆಯದನ್ನು ಕ್ರೇಟಿಗೆ ಜೋಡಿಸುತ್ತಿದ್ದರು. ನೋಡಬಹುದಾ ಅಜ್ಜಿ ಅಂದೆ. "ಬಾರಪ್ಪ, ತಲೆ ಬಗ್ಗಿಸ್ಕೊಂಡ್ ಬಾ" ಅಂದರು.

ಒಳಗೆ ಹೋದರೆ ಬೇರೆಯೇ ಲೋಕ. ಹೊರಗೆ ಬಿಸಿಲು ಸುಡುತ್ತಿದ್ದರೂ ಚಪ್ಪರದಡಿ ತಂಪು. ಕಪ್ಪು ಗೊಂಚಲುಗಳು ಹಣೆಗೆ ತಗಲುವಷ್ಟು ಕೆಳಗೆ ನೇತಾಡುತ್ತಿದ್ದವು. ಎಲೆಗಳ ಮೇಲೆ ಅಲ್ಲಲ್ಲಿ ನೀಲಿ ಕಲೆ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಗುರುತು ಅದು. ಬೂಜು ರೋಗಕ್ಕೆ ಈ ಮದ್ದು ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ವೈನ್ ಸೀಮೆಯಲ್ಲಿ. ಅದರ ಹೆಸರನ್ನು ತೂಬಗೆರೆಯ ಕಡೆಯ ಅಜ್ಜಿ ದಿನಬಳಕೆಯ ಮಾತಿನಂತೆ ಆಡುವುದನ್ನು ಕೇಳಿ ಖುಷಿಯಾಯಿತು. ಒಂದು ಗೊಂಚಲು ಕೈಗಿಟ್ಟು, "ಹಂಗೇ ತಿನ್ಬ್ಯಾಡ, ಔಷ್ಧಿ ಹೊಡ್ದದೆ, ತೊಳ್ಕೊಂಡು ತಿನ್ನು" ಅಂದರು. ನನ್ನ ಬಾಟಲಿ ನೀರಲ್ಲೇ ತೊಳೆದೆ. ಈ ಹಣ್ಣನ್ನು ಕಚ್ಚಬಾರದು, ಹಿಂಡಬೇಕು. ಸಿಪ್ಪೆ ಚೀಲದ ಹಾಗೆ ಕೈಯಲ್ಲೇ ಉಳಿದು, ತಿರುಳು ಒಂದೇ ಗುಳಿಗೆಯಾಗಿ ಬಾಯಿಗೆ ಜಾರುತ್ತದೆ. ಮೊದಲು ಸಿಹಿ, ಬೀಜದ ಹತ್ತಿರ ಹುಳಿ. 2013ರಲ್ಲಿ ಈ ತಳಿಗೆ ಜಿಐ, ಅಂದರೆ ಇಂಥ ಸೀಮೆಯದು ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಯುರೋಪಿನಲ್ಲಾದರೆ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಬಿಟ್ಟರೆ ವರ್ಷವೆಲ್ಲ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿ ಬಳ್ಳಿಗೆ ಕಾಲ ಯಾವುದು ಅಂತ ತಿಳಿಸುವುದು ಬಳ್ಳಿ ಸವರುವ ರೈತರ ಕತ್ತರಿ. ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ವೈನ್ ದ್ರಾಕ್ಷಿಗೂ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ, ಆದರೆ ಹಣ್ಣು ತೆಗೆಯುವುದು ಒಂದೇ ಸಲ, ಬೇಸಿಗೆಯ ಶುರುವಿನಲ್ಲಿ. ಎರಡೂ ಬಗೆಯ ಹಣ್ಣು ಬಳ್ಳಿಯಲ್ಲಿ ಇರುತ್ತದೆ, ಮಳೆ ಇರುವುದಿಲ್ಲ ಅಂತಲೇ ನಾನು ಫೆಬ್ರವರಿ ಆರಿಸಿದ್ದು. ಶಿವರಾತ್ರಿಯ ಆಸುಪಾಸು ಮಾತ್ರ ಬೇಡ. ನಂದಿಯಲ್ಲಿ ಜಾತ್ರೆ ಇರುತ್ತದೆ, ರಸ್ತೆಯಲ್ಲಿ ಸೈಕಲ್ಲಿಗೆ ಜಾಗವೇ ಇರುವುದಿಲ್ಲ.

ಬೆಟ್ಟದ ಏರು ಸುಮಾರು ಏಳೂವರೆ ಕಿ.ಮೀ. ತುದಿ ಇರುವುದು 1478 ಮೀಟರ್ ಎತ್ತರದಲ್ಲಿ. ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಶುರು ಮಾಡಿದೆ, ರಸ್ತೆ ಖಾಲಿ ಇತ್ತು. ತಿರುವಿನ ಒಳ ಅಂಚು ತುಂಬ ಕಡಿದು, ಹೊರ ಅಂಚಿನಲ್ಲಿ ಸ್ವಲ್ಪ ಉಸಿರಾಡಬಹುದು. ಎದುರಿಂದ ಗಾಡಿ ಬರುತ್ತಿಲ್ಲ ಅನ್ನುವುದು ಖಾತ್ರಿಯಾದರೆ ಮಾತ್ರ ಹೊರಕ್ಕೆ ಹೋಗಿ. ಎರಡು ಕಡೆ ನಿಂತು ನೀರು ಕುಡಿದೆ. ಕೊನೆಯ ಒಂದೂವರೆ ಕಿ.ಮೀ. ನಿಜಕ್ಕೂ ಕಷ್ಟ. ಅಲ್ಲಿ ಮುಂದೆ ಎಷ್ಟು ರಸ್ತೆ ಉಳಿದಿದೆ ಅಂತ ನೋಡದೆ ಪೆಡಲಿನ ಸುತ್ತು ಎಣಿಸುತ್ತೇನೆ, ನೂರು ಎಣಿಸಿ ಮತ್ತೆ ಒಂದರಿಂದ. ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು, ಮಂಡಿ ಚೂರೂ ನೋಯಲಿಲ್ಲ. ಮೇಲೆ ಕೋತಿಗಳಿವೆ. ತಿಂಡಿ ಇಟ್ಟ ಬ್ಯಾಗನ್ನು ಸೈಕಲ್ ಮೇಲೆ ಬಿಟ್ಟು ಆಚೆ ಈಚೆ ಹೋಗಬೇಡಿ.

ಬೆಳಿಗ್ಗೆ ಇಳಿಯುವಾಗ ಹತ್ತುವಾಗಿನದಕ್ಕಿಂತ ಹೆಚ್ಚು ಎಚ್ಚರ ಬೇಕು. ಲಗೇಜು ಇದ್ದಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿದ್ದರೆ ರಿಮ್ ಕಾದುಬಿಡುತ್ತದೆ. ನೇರ ದಾರಿಯಲ್ಲಿ ಎರಡೂ ಬ್ರೇಕ್ ಒತ್ತಿ ಬಿಡುವುದು, ತಿರುವಿಗೆ ಮುಂಚೆಯೇ ವೇಗ ಇಳಿಸುವುದು, ತಿರುವಿನೊಳಗೆ ಬ್ರೇಕ್ ಮುಟ್ಟದಿರುವುದು, ಇಷ್ಟೇ ನಾನು ಮಾಡುವುದು. ಅರ್ಧ ದಾರಿಯಲ್ಲಿ ನಿಂತು ರಿಮ್ ಮುಟ್ಟಿ ನೋಡಿದೆ, ಬಿಸಿ ಇತ್ತು. ಐದು ನಿಮಿಷ ಆರಲು ಬಿಟ್ಟೆ.

ಬೆಟ್ಟದ ಬುಡ ಸುತ್ತಿ ನಂದಿ ಊರಿಗೆ ಬಂದು, ಭೋಗನಂದೀಶ್ವರನ ಕಲ್ಯಾಣಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತೆ. ಅಲ್ಲಿಂದ ದೇವನಹಳ್ಳಿವರೆಗೆ ಹೈವೇ. ಬೇಗ ಮುಗಿಸಿದೆ.

ರಘುನಾಥಪುರ ಇರುವುದು ದೊಡ್ಡಬಳ್ಳಾಪುರ ರಸ್ತೆಯಲ್ಲಿ. ಉದ್ಯಮಿ ಕನ್ವಲ್ ಗ್ರೋವರ್ 1988ರಲ್ಲಿ ಫ್ರೆಂಚ್ ತಳಿಗಳಿಂದ ಶುರು ಮಾಡಿದ ತೋಟ ಇದು. ಮೊದಲೇ ಬುಕ್ ಮಾಡಿಕೊಂಡು ಹೋಗಬೇಕು. ಹಿಂದಿನ ದಿನ ಚಪ್ಪರ ನೋಡಿ ಬಂದವನಿಗೆ ಇಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಬಳ್ಳಿಗಳನ್ನು ಬೇಲಿಯ ಹಾಗೆ ಸಾಲು ಹಿಡಿದು ನಿಲ್ಲಿಸಿದ್ದಾರೆ. ಗೊಂಚಲು ಸಣ್ಣವು, ಕಾಳು ಒತ್ತೊತ್ತಾಗಿ, ಸಿಪ್ಪೆ ಬಿಗಿ. ಕೆಂಪು ವೈನಿಗೆ ಬಣ್ಣ, ಒಂದಷ್ಟು ಒಗರು ಬರುವುದು ಆ ಸಿಪ್ಪೆಯಿಂದ. ನಾಲ್ಕು ಬಗೆ ರುಚಿಗೆ ಕೊಟ್ಟರು. ಬಾಯಲ್ಲಿ ಆಡಿಸಿ ಉಗಿದೆ, ಒಂದು ಹನಿಯೂ ನುಂಗಲಿಲ್ಲ. ಮುಂದೆ ಲಾರಿ ಓಡಾಡುವ ರಸ್ತೆ ಇತ್ತು. ಕುಡಿದು ಸೈಕಲ್ ಹತ್ತುವುದನ್ನು ನಾನು ಒಪ್ಪುವುದಿಲ್ಲ.

ಎರಡು ಬಾಟಲಿ ಕೊಂಡೆ. ಒಂದನ್ನು ಲುಂಗಿಯಲ್ಲಿ, ಇನ್ನೊಂದನ್ನು ಟವೆಲಿನಲ್ಲಿ ಸುತ್ತಿ, ಭಾರ ಸಮ ಆಗಲಿ ಅಂತ ಎಡಬಲದ ಬ್ಯಾಗಿಗೆ ಒಂದೊಂದು ಇಟ್ಟೆ. ಯಲಹಂಕದವರೆಗೆ ರಸ್ತೆಯ ಪ್ರತಿ ಉಬ್ಬಿಗೂ ಸೀಟಿಂದ ಎದ್ದು ತುಳಿದೆ. ಎರಡೂ ಒಡೆಯದೆ ಮನೆ ಸೇರಿದವು.

ಅಜ್ಜಿ ಹೊರಡುವಾಗ ಇನ್ನೊಂದು ಮಾತು ಹೇಳಿದ್ದರು. ಕತ್ತರಿ ಹಾಕಿದ ಮೇಲೆ ಬಂದರೆ ಕೊಯ್ದ ತುದಿಯಿಂದ ಬಳ್ಳಿ ನೀರು ತೊಟ್ಟಿಕ್ಕುವುದನ್ನು ನೋಡಬಹುದಂತೆ, ಚಪ್ಪರದಡಿ ನಿಂತರೆ ಮೈಮೇಲೆ ಬೀಳುತ್ತದಂತೆ. ಅಕ್ಟೋಬರಿಗೆ ಎರಡು ದಿನ ರಜೆ ಕೇಳಿಟ್ಟಿದ್ದೇನೆ.